ಯಾರೂ ನೋಡದ ಜಾಗಕ್ಕೆ ಬಿಳಿ ಬಣ್ಣ

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟುಗಳ ಮಾಲೀಕರಲ್ಲಿ ಅನೇಕರದ್ದು ಒಂದೇ ವಾದ. ಎಂಜಿನ್ ಕೂತಿರುವ ಗುಂಡಿಗೆ ಬಣ್ಣ ಹೊಡೆಯುವುದು ಪುರುಸೊತ್ತಿದ್ದವರ ಶೋಕಿ. ಅಲ್ಲಿ ಎಣ್ಣೆ, ಮಸಿ, ಗ್ರೀಸು ಇದ್ದದ್ದೇ. ಇವತ್ತು ತೊಳೆದರೆ ನಾಳೆ ಮತ್ತೆ ಕೊಳೆ. ಮೇಲೆ ಹಲಗೆ ಮುಚ್ಚಿದರೆ ನೋಡುವವರು ಯಾರು? ಆ ದುಡ್ಡಿನಲ್ಲಿ ಅಡುಗೆಮನೆಗೆ ಒಳ್ಳೆಯ ಒಲೆಯೋ, ದೋಣಿಯ ಪಕ್ಕೆಗೆ ಚೆಂದದ ಹೆಸರೋ ಬರುತ್ತದೆ.

ಕೇಳುವುದಕ್ಕೆ ಇದು ವ್ಯವಹಾರ ಬಲ್ಲವರ ಮಾತಿನಂತಿದೆ. ಆದರೆ ಇದು ಸೋಮಾರಿತನವೇ, ಜಾಣತನದ ಅಂಗಿ ತೊಟ್ಟು ಬಂದಿದೆ ಅಷ್ಟೆ. ನ್ಯಾರೋಬೋಟಿನಲ್ಲಿ ಬಣ್ಣಕ್ಕೆ ಅತಿ ಹೆಚ್ಚು ಕೆಲಸ ಇರುವುದು ಯಾರೂ ನೋಡದ ಆ ಗುಂಡಿಯಲ್ಲಿಯೇ. ಅದು ಅಲ್ಲಿರುವುದು ಚೆಂದ ಕಾಣಲಿ ಎಂದಲ್ಲ, ಕೊಳೆ ಕಾಣಲಿ ಎಂದು. ಈ ಸಣ್ಣ ವ್ಯತ್ಯಾಸ ತಿಳಿಯದೆ ದೋಣಿ ಕಟ್ಟುವವರು, ಮಾರುವವರು, ಕೊಳ್ಳುವವರು ಮೂವರೂ ಸೇರಿ ಒಂದು ಕೆಟ್ಟ ಪದ್ಧತಿಯನ್ನು ಬೆಳೆಸಿದ್ದಾರೆ.

ನ್ಯಾರೋಬೋಟು ನೋಡದವರಿಗೆ ಅದರ ಪರಿಚಯ ಬೇಕು. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಇಂಗ್ಲೆಂಡಿನ ಮಧ್ಯಭಾಗದಲ್ಲಿ ಕಾಲುವೆಗಳನ್ನು ಯೋಜಿಸಿದ. 1766ರಲ್ಲಿ ಶುರುವಾದ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಅವುಗಳಲ್ಲೊಂದು. ಏರು ತಗ್ಗಿನ ನೆಲದಲ್ಲಿ ದೋಣಿಯನ್ನು ಮೇಲೆತ್ತಲು, ಕೆಳಗಿಳಿಸಲು ಕಟ್ಟುವ ಬಾಗಿಲುಳ್ಳ ನೀರಿನ ತೊಟ್ಟಿಗೆ ಲಾಕ್ ಎನ್ನುತ್ತಾರೆ. ಈ ಕಾಲುವೆಗಳ ಲಾಕುಗಳ ಅಗಲ ಸುಮಾರು 7 ಅಡಿ. ಹಾಗಾಗಿ ಅವುಗಳಲ್ಲಿ ಓಡುವ ದೋಣಿ 6 ಅಡಿ 10 ಇಂಚಿಗಿಂತ ಅಗಲವಾಗುವಂತಿಲ್ಲ. ಉದ್ದ ಮಾತ್ರ 70 ಅಡಿ ದಾಟಬಹುದು. ರೈಲು ಬೋಗಿಗಿಂತ ಕಿರಿದಾದ ಈ ಉದ್ದನೆಯ ಕಬ್ಬಿಣದ ಓಣಿಯಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲು ಸಾಗುತ್ತಿತ್ತು. ಇವತ್ತು ರಜೆಗೆ ಬಂದವರು ಅದರಲ್ಲಿ ತಿರುಗುತ್ತಾರೆ. ಲಂಡನ್ನಿನಂಥ ಊರಿನಲ್ಲಿ ಮನೆ ಬಾಡಿಗೆ ಕೈಗೆಟುಕದವರು ವರ್ಷಪೂರ್ತಿ ಅದರಲ್ಲೇ ಸಂಸಾರ ಮಾಡುತ್ತಾರೆ. ಅವರ ಹಾಸಿಗೆ, ಪುಸ್ತಕ, ಮಕ್ಕಳ ಬಟ್ಟೆ ಎಲ್ಲವೂ ನೀರಿನ ಮಟ್ಟದ ಆಸುಪಾಸಿನಲ್ಲೇ ಇರುತ್ತವೆ. ಎಂಜಿನ್ ಬೇಯ ಪ್ರಶ್ನೆ ಇವರಿಗೆ ಹವ್ಯಾಸದ ಪ್ರಶ್ನೆಯಲ್ಲ.

ಈಗಿನ ದೋಣಿಗಳ ಉಕ್ಕಿನ ಲೆಕ್ಕವನ್ನು ಸಾಮಾನ್ಯವಾಗಿ 10-6-4 ಎಂದು ಹೇಳುತ್ತಾರೆ. ತಳದ ತಗಡು 10 ಮಿಲಿಮೀಟರ್, ಪಕ್ಕೆಯದ್ದು 6, ಮೇಲಿನ ಕ್ಯಾಬಿನ್ನಿನದ್ದು 4. ಹಳೆಯ ದೋಣಿಗಳಲ್ಲಿ ತಳ ಇದಕ್ಕಿಂತ ತೆಳುವಾಗಿರುವುದುಂಟು. ಹಳೆಯ ದೋಣಿಗೆ ವಿಮೆ ಮಾಡುವ ಕಂಪನಿಗಳು ಅದನ್ನು ನೀರಿನಿಂದ ಮೇಲೆತ್ತಿಸಿ, ಅಲ್ಟ್ರಾಸೌಂಡ್ ಉಪಕರಣದಿಂದ ತಗಡಿನ ದಪ್ಪ ಅಳೆಸುತ್ತವೆ. ಎಲ್ಲಾದರೂ 4 ಮಿಲಿಮೀಟರಿಗಿಂತ ಕಡಿಮೆ ಕಂಡರೆ ಸಾಮಾನ್ಯವಾಗಿ ತಕರಾರು ಏಳುತ್ತದೆ. ಆಗ ಮೇಲೊಂದು ತಗಡು ಬೆಸೆಯಬೇಕು. ಅದಕ್ಕೆ ಬರುವ ಬಿಲ್ಲಿನ ಮುಂದೆ ಬಣ್ಣದ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ತುಕ್ಕು ಹೊರಗಿನಿಂದ ಮಾತ್ರ ತಿನ್ನುತ್ತದೆ ಎಂದುಕೊಂಡವರು ಎರಡು ಮೂರು ವರ್ಷಕ್ಕೊಮ್ಮೆ ಹೊರಮೈಗೆ ಡಾಂಬರಿನಂಥ ಕಪ್ಪು ಬಳಿಸಿ ನಿಶ್ಚಿಂತರಾಗುತ್ತಾರೆ. ಒಳಗಿನಿಂದ ತಿನ್ನುವ ತುಕ್ಕಿಗೆ ಆ ಕಪ್ಪಿನ ಹೆದರಿಕೆ ಏನೂ ಇಲ್ಲ.

ಒಳಗೆ ನೀರು ಎಲ್ಲಿಂದ ಬರುತ್ತದೆ? ಎಂಜಿನ್ ಬೇಗೆ ನೀರು ಬರುವ ದಾರಿಗಳು ಹಲವು, ಒಂದೊಂದಕ್ಕೂ ಒಂದೊಂದು ಸ್ವಭಾವ. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಸರಳು ದೋಣಿಯ ಮೈ ತೂರಿ ಹೊರಬೀಳುವಲ್ಲಿ ಸ್ಟರ್ನ್ ಗ್ಲ್ಯಾಂಡ್ ಇದೆ. ಅದರಲ್ಲಿ ಗ್ರೀಸು ಮೆತ್ತಿದ ಹುರಿಯನ್ನು ಒತ್ತಿ ಕೂರಿಸಿರುತ್ತಾರೆ. ಓಡುವಾಗ ಅದು ತೊಟ್ಟು ತೊಟ್ಟಾಗಿ ಸೋರುವುದು ಸಹಜ. ಸಂಜೆ ದೋಣಿ ಕಟ್ಟಿದಾಗ ಗ್ರೀಸಿನ ತಿರುಪು ಸ್ವಲ್ಪ ತಿರುಗಿಸಿದರೆ ತೊಟ್ಟು ನಿಲ್ಲುತ್ತದೆ. ಎರಡನೆಯದು ವೀಡ್ ಹ್ಯಾಚ್. ಪ್ರೊಪೆಲ್ಲರಿಗೆ ಸುತ್ತಿಕೊಂಡ ಕಳೆ, ಹಗ್ಗ, ಪ್ಲಾಸ್ಟಿಕ್ಕನ್ನು ಕೈಹಾಕಿ ಬಿಡಿಸಲು ಇರುವ ಬಾಗಿಲು ಅದು. ಅದರ ಮುಚ್ಚಳ ಸರಿಯಾಗಿ ಬಿಗಿಯದೆ ಎಂಜಿನ್ ಓಡಿಸಿದರೆ ಪ್ರೊಪೆಲ್ಲರು ಕಾಲುವೆಯ ನೀರನ್ನೇ ಎತ್ತಿ ಒಳಗೆ ಸುರಿಯುತ್ತದೆ. ಹೀಗೆ ಮುಳುಗಿದ ದೋಣಿಗಳು ಒಂದೆರಡಲ್ಲ. ಮೂರನೆಯದು ಮಳೆ. ಹಿಂಬದಿಯ ಡೆಕ್ಕಿನ ಹಲಗೆಗಳ ಸಂದಿಯಿಂದ ಇಳಿದ ನೀರು ಕೆಳಗಿನ ಕಬ್ಬಿಣದ ಕಾಲುವೆಗೆ ಬಿದ್ದು ಕೊಳವೆಯ ಮೂಲಕ ಹೊರಹೋಗಬೇಕು. ಆ ಕೊಳವೆಯಲ್ಲಿ ಎರಡು ಒಣಗಿದ ಎಲೆ ಸಿಕ್ಕಿಕೊಂಡರೂ ಮಳೆಯೆಲ್ಲ ಎಂಜಿನ್ನಿನ ಕಾಲಬುಡಕ್ಕೆ ಇಳಿಯುತ್ತದೆ. ಇನ್ನು ಚಳಿಗಾಲದಲ್ಲಿ ತಣ್ಣನೆಯ ಉಕ್ಕಿನ ಒಳಮೈ ತಾನಾಗಿಯೇ ಬೆವರುತ್ತದೆ.

ಇದರ ಜೊತೆಗೆ ಎಂಜಿನ್ನಿನದೇ ದ್ರವಗಳಿವೆ. ಎಂಜಿನ್ ಆಯಿಲ್, ಗೇರ್‌ಬಾಕ್ಸಿನ ಎಣ್ಣೆ, ಡೀಸೆಲ್, ಕೂಲಂಟ್. ಈಗಿನ ಹೆಚ್ಚಿನ ನ್ಯಾರೋಬೋಟುಗಳು ಕಾಲುವೆಯ ಕೆಸರು ನೀರನ್ನು ಎಂಜಿನ್ನಿಗೆ ಎಳೆದುಕೊಳ್ಳುವುದಿಲ್ಲ. ದೋಣಿಯ ಪಕ್ಕೆಗೇ ಒಳಗಿನಿಂದ ಬೆಸೆದ ಸ್ಕಿನ್ ಟ್ಯಾಂಕಿನಲ್ಲಿ ಕೂಲಂಟ್ ಸುತ್ತಿ, ಉಕ್ಕಿನ ಮೂಲಕ ಕಾಲುವೆಗೆ ಶಾಖ ಕೊಟ್ಟು ಮರಳುತ್ತದೆ. ಅದರ ಪೈಪಿನ ಕ್ಲಿಪ್ಪು ಸಡಿಲವಾದರೆ ಸೋರುವುದು ಕೂಲಂಟೇ ಹೊರತು ಕಾಲುವೆಯ ನೀರಲ್ಲ. ಹಾಗಾಗಿ ಗುಂಡಿಯ ತಳದಲ್ಲಿ ಒದ್ದೆ ಕಂಡಾಗ ಅದು ಏನು ಒದ್ದೆ ಎಂಬುದೇ ಮುಖ್ಯ. ಮಳೆನೀರಾದರೆ ಒಂದು ಬಗೆಯ ರಿಪೇರಿ, ಕೂಲಂಟಾದರೆ ಇನ್ನೊಂದು, ಡೀಸೆಲ್ಲಾದರೆ ಅದೇ ಕ್ಷಣ ಏಳಬೇಕಾದ ಕೆಲಸ.

ಬಣ್ಣದ ಮಾತು ಇಲ್ಲಿ ಬರುತ್ತದೆ. ತಿಳಿ ಬೂದು ಅಥವಾ ಬಿಳಿ ಬಳಿದ ತಳದಲ್ಲಿ ಕರಿ ಎಣ್ಣೆಯ ಒಂದು ತೊಟ್ಟು ಬಿದ್ದರೂ ಮರುದಿನ ಬೆಳಿಗ್ಗೆ ಕಾಣುತ್ತದೆ. ಅದರ ನೇರಕ್ಕೆ ಮೇಲೆ ನೋಡಿದರೆ ಸೋರುವ ಗ್ಯಾಸ್ಕೆಟ್ಟು ಯಾವುದೆಂದು ತಿಳಿಯುತ್ತದೆ. ತುಕ್ಕು ಹುಟ್ಟಿದ ಕಡೆ ಕಂದು ಗೆರೆ ಬೀಳುತ್ತದೆ. ಬಳುಕಿ ಸವೆಯುತ್ತಿರುವ ಬೆಲ್ಟಿನ ಕರಿ ಪುಡಿ ಕೂಡ ಬಿಳಿ ಗೋಡೆಯ ಮೇಲೆ ಸಾಲಾಗಿ ಕೂರುತ್ತದೆ. ಇದೇ ಜಾಗ ಕಪ್ಪಾಗಿದ್ದರೆ ಎಣ್ಣೆ ಕಾಣುವುದಿಲ್ಲ, ರೆಡ್ ಆಕ್ಸೈಡಿನ ಕೆಂಪಾಗಿದ್ದರೆ ತುಕ್ಕು ಕಾಣುವುದಿಲ್ಲ. ಹತ್ತು ವರ್ಷದ ಕೊಳೆ ಮೆತ್ತಿದ ಗುಂಡಿಯಲ್ಲಂತೂ ಏನೂ ಕಾಣುವುದಿಲ್ಲ. ಹೊಸ ಸೋರಿಕೆ ಹಳೆಯ ಸೋರಿಕೆಯೊಳಗೆ ಕರಗಿಹೋಗುತ್ತದೆ. "ಹೇಗೂ ಕೊಳೆಯಾಗುತ್ತದಲ್ಲ" ಎನ್ನುವವರಿಗೆ ಉತ್ತರ ಇಷ್ಟೇ: ಹೌದು, ಕೊಳೆಯಾಗಲಿ. ಆಗ ಯಾವುದು ಎಲ್ಲಿ ಯಾವಾಗ ಕೊಳೆಯಾಯಿತು ಎಂದು ಗೊತ್ತಾಗಲಿ.

ಇದನ್ನು ಒಪ್ಪಿದವರಲ್ಲೂ ಒಂದು ದೊಡ್ಡ ಗುಂಪು ದಾರಿ ತಪ್ಪುತ್ತದೆ. ಅವರು ಬಣ್ಣ ಹೊಡೆಯುತ್ತಾರೆ, ಆದರೆ ಮಾರುವ ಮುಂಚೆ. ಎಣ್ಣೆ ಒರೆಸಿದಂತೆ ಮಾಡಿ, ಪದರ ಪದರವಾಗಿ ಎದ್ದ ತುಕ್ಕಿನ ಮೇಲೆಯೇ ಬ್ರಷ್ಷು ಓಡಿಸಿ, ಎಂಜಿನ್ನಿಗೂ ಒಂದು ಕೈ ಹಸಿರು ಬಳಿದು, ಫೋಟೋ ತೆಗೆದು ಜಾಹೀರಾತು ಹಾಕುತ್ತಾರೆ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಆ ಬಣ್ಣ ಕೆಲವು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಅಷ್ಟರಲ್ಲಿ ದೋಣಿ ಕೈ ಬದಲಾಗಿರುತ್ತದೆ. ಬಣ್ಣವನ್ನೇ ಬಳಿಯದವನು ತನ್ನ ದೋಣಿಗೆ ಮಾತ್ರ ಅನ್ಯಾಯ ಮಾಡುತ್ತಾನೆ. ತುಕ್ಕಿನ ಮೇಲೆ ಬಳಿದವನು ಕೊಳ್ಳುವವನ ಕಣ್ಣನ್ನೇ ಕಿತ್ತುಕೊಳ್ಳುತ್ತಾನೆ. ಹೆಚ್ಚಿನ ದೋಷ ಇವನದೇ.

ಸರಿಯಾದ ಕೆಲಸದಲ್ಲಿ ಡಬ್ಬಿಯ ಮುಚ್ಚಳ ತೆರೆಯುವುದು ಕಟ್ಟಕಡೆಗೆ. ಮೊದಲು ಬ್ಯಾಟರಿಗಳು ಹೊರಗೆ, ಮುಟ್ಟಲಾಗದ ಮೂಲೆ ಮುಚ್ಚಿದ ಎಲ್ಲವೂ ಹೊರಗೆ. ಸಾಧ್ಯವಾದರೆ ಎಂಜಿನ್ನೇ ಹೊರಗೆ. ಎಂಜಿನ್ ರಿಪೇರಿಗೆಂದು ಎತ್ತಿದ ದಿನ ಅದರ ಕೆಳಗಿನ ತಳವನ್ನು ಬಣ್ಣ ಹೊಡೆಯದೆ ಬಿಟ್ಟವನಿಗೆ ಅಂಥ ಅವಕಾಶ ಮತ್ತೆ ಎಷ್ಟೋ ವರ್ಷ ಸಿಗುವುದಿಲ್ಲ. ಆಮೇಲೆ ನಿಂತ ಎಣ್ಣೆನೀರನ್ನು ಡ್ರಮ್ಮಿಗೆ ತುಂಬಬೇಕು, ಕಾಲುವೆಗಲ್ಲ. ಡಿಗ್ರೀಸರ್ ಹಾಕಿ ಉಜ್ಜಿ, ತೊಳೆದು, ಒರೆಸಿ, ಮತ್ತೆ ಹಾಕಿ ಉಜ್ಜಬೇಕು. ಜಿಡ್ಡು ಉಳಿದ ಉಕ್ಕಿಗೆ ತಂತಿ ಬ್ರಷ್ಷು ಹಾಕಿದರೆ ಜಿಡ್ಡು ತುಕ್ಕಿನೊಳಗೆ ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ತೊಳೆಯುವುದು ಮೊದಲು, ಉಜ್ಜಿ ಕೆರೆಯುವುದು ನಂತರ. ಸಡಿಲ ತುಕ್ಕೆಲ್ಲ ಹೋಗಿ ಗಟ್ಟಿ ಉಕ್ಕು ಸಿಗುವವರೆಗೆ ಕೆರೆದು, ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದು, ಎರಡು ದಿನವಾದರೂ ಒಣಗಲು ಬಿಡಬೇಕು. ಆಮೇಲೆ ಪ್ರೈಮರು. ಅದು ಒಣಗಿದ ಮೇಲೆ ಎಣ್ಣೆ, ಡೀಸೆಲ್ ತಡೆಯುವ ಬಿಲ್ಜ್ ಪೇಂಟು ಎರಡು ಕೈ, ಅಥವಾ ಎರಡು ಡಬ್ಬಿ ಬೆರೆಸುವ ಎಪಾಕ್ಸಿ.

ಹವಾಮಾನವೂ ಇಲ್ಲಿ ಮೇಸ್ತ್ರಿಯೇ. ಸಾಮಾನ್ಯ ಎಪಾಕ್ಸಿ 10 ಡಿಗ್ರಿಗಿಂತ ತಣ್ಣಗಿದ್ದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಉಕ್ಕು ಬೆವರುವ ನವೆಂಬರಿನಲ್ಲಿ ಹಚ್ಚಿದ ಬಣ್ಣ ಉಕ್ಕಿಗಲ್ಲ, ನೀರಿಗೆ ಅಂಟುತ್ತದೆ. ಹೊಗೆಯಂತೆ ಏಳುವ ದ್ರಾವಕದ ವಾಸನೆ ಅಷ್ಟು ಸಣ್ಣ ಗುಂಡಿಯಲ್ಲಿ ತಲೆ ತಿರುಗಿಸುತ್ತದೆ. ಹಲಗೆ ಪೂರ್ತಿ ತೆಗೆದು ಗಾಳಿ ಆಡಲು ಬಿಡಬೇಕು, ಸರಿಯಾದ ಮಾಸ್ಕು ಹಾಕಬೇಕು, ಮೈಮೇಲೆ ಎಪಾಕ್ಸಿ ಬೀಳದಂತೆ ಕೈಗವಸು ತೊಡಬೇಕು. ನಾಲ್ಕು ದಿನದ ಕೆಲಸದಲ್ಲಿ ಬಣ್ಣ ಬಳಿಯುವುದು ಅರ್ಧ ದಿನ. ಆ ಮೂರೂವರೆ ದಿನವನ್ನು ಉಳಿಸಿದೆ ಎಂದು ಹೆಮ್ಮೆಪಡುವವನು ಉಳಿಸಿದ್ದು ಏನನ್ನೂ ಅಲ್ಲ.

ಎಲ್ಲಿ ಬಣ್ಣ ತಾಗಬಾರದು ಎಂಬುದೂ ಅಷ್ಟೇ ಮುಖ್ಯ. ಎಂಜಿನ್ನನ್ನು ಹೊತ್ತ ರಬ್ಬರ್ ಮೌಂಟುಗಳು, ಬೆಲ್ಟು, ಅರ್ಥಿಂಗ್ ಕೊಟ್ಟ ಬೋಲ್ಟು, ಎಂಜಿನ್ನಿನ ನಂಬರ್ ಪಟ್ಟಿ, ಇವುಗಳಿಂದ ಬ್ರಷ್ಷು ದೂರ ಇರಬೇಕು. ಡೀಸೆಲ್ ಪೈಪಿನ ಮೇಲೆ ಅದು ಬೆಂಕಿ ತಡೆಯುವ ದರ್ಜೆಯದ್ದು ಎನ್ನುವ ಗುರುತು ಅಚ್ಚಾಗಿರುತ್ತದೆ. ಪರೀಕ್ಷೆಗೆ ಬಂದವರು ಓದುವುದು ಅದನ್ನೇ. ಉತ್ಸಾಹದಲ್ಲಿ ಅದರ ಮೇಲೂ ಬಳಿದರೆ ಒಳ್ಳೆಯ ಪೈಪು ಕೂಡ ಗುರುತಿಲ್ಲದ ಪೈಪಾಗುತ್ತದೆ.

ಬಣ್ಣ ಒಣಗಿದ ಮೇಲೆ ಎಲ್ಲವನ್ನೂ ಮರಳಿ ಕೂರಿಸಬೇಕು. ಹೆಚ್ಚಿನ ದೋಣಿ ಕಟ್ಟುವವರ ಬಣ್ಣ ಬಯಲಾಗುವುದು ಇಲ್ಲಿ. ಕ್ಯಾಬಿನ್ನಿಗೆ ಜಾಗ ಉಳಿಸಲೆಂದು ಎಂಜಿನ್ ಬೇಯನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ. ಸ್ಟರ್ನ್ ಗ್ಲ್ಯಾಂಡಿನ ಮುಂದೆ ಬ್ಯಾಟರಿ ಪೆಟ್ಟಿಗೆ, ಆಯಿಲ್ ಫಿಲ್ಟರಿನ ಮುಂದೆ ಬಿಸಿನೀರಿನ ಟ್ಯಾಂಕು. ಕೈ ಹೋಗದ ಕಡೆ ಇರುವ ಗ್ರೀಸಿನ ತಿರುಪನ್ನು ದಿನಾ ತಿರುಗಿಸುವವರು ಯಾರೂ ಇಲ್ಲ. ಎಂಜಿನ್ ಬೇಯಲ್ಲಿ ಏನನ್ನೇ ಕೂರಿಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ. ಚಳಿಗಾಲದ ರಾತ್ರಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಒಂದೇ ಕೈಯಲ್ಲಿ ಇದನ್ನು ಬಿಚ್ಚಲು ಆಗುತ್ತದೆಯೇ? ಇಲ್ಲವಾದರೆ ಅದರ ಜಾಗ ಅದಲ್ಲ.

ಉಳಿದದ್ದೂ ಇದೇ ನ್ಯಾಯಕ್ಕೆ ಸೇರಿದ್ದು. ವೈರುಗಳು ತಳದಲ್ಲಿ ಹಾವಿನಂತೆ ಮಲಗದೆ ಮೇಲ್ಗಡೆ ಕ್ಲಿಪ್ಪು ಹಾಕಿಸಿಕೊಂಡು ಸಾಗಬೇಕು. ಹಳೆಯ ದೋಣಿಗಳಲ್ಲಿ ಶಾಖ ತಡೆಯಲು ಥರ್ಮೋಕೋಲಿನ ಹಲಗೆ ಹಾಕಿರುತ್ತಾರೆ. ಪಿವಿಸಿ ವೈರು ಅದಕ್ಕೆ ತಾಗಿಕೊಂಡಿದ್ದರೆ ವೈರಿನ ಹೊದಿಕೆ ಕಾಲಕ್ರಮದಲ್ಲಿ ಪೆಡಸಾಗಿ ಬಿರಿಯುತ್ತದೆ. ಲೆಡ್ ಆಸಿಡ್ ಬ್ಯಾಟರಿಗಳು ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತವೆ. ಅದು ಹಗುರ, ಮೇಲೇರುತ್ತದೆ, ಹೊರಹೋಗುವ ಕಿಂಡಿ ಮೇಲೆಯೇ ಇರಬೇಕು. ಬ್ಯಾಟರಿ ಅಲುಗದಂತೆ ಪಟ್ಟಿ ಬಿಗಿಯಬೇಕು, ಅದರ ತುದಿಗಳ ಮೇಲೆ ಮುಚ್ಚಳ ಇರಬೇಕು. ಎಲ್ಲಕ್ಕಿಂತ ಮೇಲಾಗಿ, ಎಂಜಿನ್ನಿನ ಕೆಳಗಿನ ಎಣ್ಣೆ ತಟ್ಟೆ ಉಳಿದ ತಳದಿಂದ ಬೇರೆಯಾಗಿರಬೇಕು. ಇಲ್ಲದಿದ್ದರೆ ಎಂಜಿನ್ನಿನ ಎಣ್ಣೆ ಮಳೆನೀರಿಗೆ ಸೇರುತ್ತದೆ. ನೀರು ಏರಿದಾಗ ತಾನಾಗಿ ಓಡುವ ಬಿಲ್ಜ್ ಪಂಪು ಎರಡನ್ನೂ ಎತ್ತಿ ಕಾಲುವೆಗೆ ಉಗುಳುತ್ತದೆ. ಪಂಪಿಗೆ ಎಣ್ಣೆ ಯಾವುದು ನೀರು ಯಾವುದು ತಿಳಿಯುವುದಿಲ್ಲ. ಬಾತುಕೋಳಿಗಳ ನಡುವೆ ಹರಡುವ ಕಾಮನಬಿಲ್ಲಿನ ಪೊರೆಗೆ ಹೊಣೆ ಪಂಪಲ್ಲ, ಹಲಗೆ ಎತ್ತದ ಮಾಲೀಕ.

"ಸರ್ಟಿಫಿಕೇಟ್ ಇದೆಯಲ್ಲ" ಎನ್ನುವುದು ಇನ್ನೊಂದು ಗುರಾಣಿ. ಬ್ರಿಟನ್ನಿನ ಒಳನಾಡಿನ ಜಲಮಾರ್ಗಗಳಲ್ಲಿ 1997ರಿಂದ ಬೋಟ್ ಸೇಫ್ಟಿ ಸ್ಕೀಮ್ ಜಾರಿಯಲ್ಲಿದೆ. ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಪಾಸಾಗದೆ ದೋಣಿಗೆ ಲೈಸೆನ್ಸ್ ಸಿಗುವುದಿಲ್ಲ. ಒಳ್ಳೆಯ ವ್ಯವಸ್ಥೆ. ಮಲಗುವ ಜಾಗವಿರುವ ದೋಣಿಗಳಿಗೆ 2019ರ ಏಪ್ರಿಲ್‌ನಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿ ಅದು ಜೀವ ಉಳಿಸುವ ಕೆಲಸವನ್ನೇ ಮಾಡಿದೆ. ಆದರೆ ಅದು ನೋಡುವುದು ಬೆಂಕಿ, ಸ್ಫೋಟ, ವಿಷಾನಿಲ, ಮಾಲಿನ್ಯದ ಅಪಾಯಗಳನ್ನು. ತಳದ ತಗಡು ಎಷ್ಟು ದಪ್ಪ ಉಳಿದಿದೆ, ಎಂಜಿನ್ನಿನ ಸ್ಥಿತಿ ಹೇಗಿದೆ ಎಂದು ಅದು ಹೇಳುವುದಿಲ್ಲ, ಹೇಳುತ್ತೇನೆ ಎಂದು ಒಪ್ಪಿಕೊಂಡೂ ಇಲ್ಲ. ಪರೀಕ್ಷಕ ನಾಲ್ಕು ವರ್ಷದಲ್ಲಿ ಒಂದು ದಿನ ಬರುತ್ತಾನೆ. ಮಿಕ್ಕ ದಿನಗಳ ಪರೀಕ್ಷಕ ಮಾಲೀಕನೇ.

ಇನ್ನು ಕೆಲವರು ಹಳೆಯ ಕಾಲವನ್ನು ಸಾಕ್ಷಿಗೆ ಕರೆಯುತ್ತಾರೆ. ಕಲ್ಲಿದ್ದಲು ಹೊತ್ತ ದೋಣಿಯವರು ಬಿಳಿ ಬಣ್ಣ ಹೊಡೆದುಕೊಂಡು ಕೂತಿದ್ದರೇ ಎಂದು ಕೇಳುತ್ತಾರೆ. ಈ ಸಾಕ್ಷಿ ಅವರ ವಿರುದ್ಧವೇ ತಿರುಗುತ್ತದೆ. 1912ರ ಸುಮಾರಿಗೆ ಬೋಲಿಂಡರ್ ಎಂಜಿನ್ನುಗಳು ಸರಕು ದೋಣಿಗಳಿಗೆ ಬಂದಾಗ ಎಂಜಿನ್ನಿಗೆ ಒಂದು ಪ್ರತ್ಯೇಕ ಕೋಣೆಯೇ ಇತ್ತು. ಅದರ ಹಿಂದೆ ಒತ್ತಿಕೊಂಡು ಹತ್ತು ಅಡಿಗೂ ಕಡಿಮೆ ಉದ್ದದ ಕ್ಯಾಬಿನ್ನು. ಇಡೀ ಸಂಸಾರ ಮಲಗುತ್ತಿದ್ದುದು, ಅಡುಗೆ ಮಾಡುತ್ತಿದ್ದುದು ಅಲ್ಲಿ. ಎಂಜಿನ್ ಕೋಣೆ ಪಕ್ಕದ ಮನೆಯಂತೆ ಇತ್ತು. ದಿನಾ ಕಣ್ಣಿಗೆ ಬೀಳುತ್ತಿತ್ತು. ಹೊಟ್ಟೆಗೆ ಅನ್ನ ಕೊಡುತ್ತಿದ್ದ ಆ ಯಂತ್ರದ ಹಿತ್ತಾಳೆಯನ್ನು ತಿಕ್ಕಿ ಹೊಳೆಸುವುದು ಅವರಿಗೆ ಮರ್ಯಾದೆಯ ಮಾತಾಗಿತ್ತು. ಕಾಲುವೆಯ ಸಾಗಾಟ ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಕುಸಿದು, ವಿಹಾರದ ದೋಣಿಗಳು ಬಂದಾಗ ಎಂಜಿನ್ನನ್ನು ಹಿಂಬದಿಯ ಡೆಕ್ಕಿನ ಕೆಳಗೆ ತಳ್ಳಲಾಯಿತು. ಹಾದುಹೋಗುವ ಕೋಣೆಯಲ್ಲಿದ್ದದ್ದು ಕಾಲಡಿಯ ಗುಂಡಿಗೆ ಇಳಿಯಿತು. ಅಲಕ್ಷ್ಯ ಶುರುವಾದದ್ದು ಆಗ. ಹೊರಗಿನ ಗುಲಾಬಿ ಮತ್ತು ಕೋಟೆಗಳ ಸಾಂಪ್ರದಾಯಿಕ ಚಿತ್ರಗಳನ್ನು ಹೊಸ ಮಾಲೀಕರು ಆಸೆಯಿಂದ ಉಳಿಸಿಕೊಂಡರು. ಅದೇ ಸಂಪ್ರದಾಯದ ಇನ್ನೊಂದು ಅರ್ಧವಾದ ಯಂತ್ರದ ಆರೈಕೆಯನ್ನು ಬಿಟ್ಟರು.

ಬಿಟ್ಟದ್ದರ ಬೆಲೆ ಹೀಗೆ ತೆರಬೇಕಾಗುತ್ತದೆ. ಎಂಜಿನ್ನಿನ ತೂಕಕ್ಕೆ ದೋಣಿಯ ಹಿಂಭಾಗ ಮೊದಲೇ ತಗ್ಗಿರುತ್ತದೆ. ಒಳಗೆ ನೀರು ಸೇರಿದಷ್ಟೂ ಇನ್ನಷ್ಟು ತಗ್ಗುತ್ತದೆ. ಪಕ್ಕೆಯಲ್ಲಿರುವ ಗಾಳಿಯ ಕಿಂಡಿ, ನೀರು ಹೊರಬಿಡುವ ತೂತು ಕಾಲುವೆಯ ಮಟ್ಟಕ್ಕೆ ಬರುವವರೆಗೆ ಎಲ್ಲವೂ ನಿಧಾನ. ಆ ಮಟ್ಟ ಮುಟ್ಟಿದ ಮೇಲೆ ಕಾಲುವೆಯೇ ಒಳಗೆ ಹರಿಯುತ್ತದೆ, ಮತ್ತೆ ಯಾವ ಪಂಪೂ ಸಾಲದು. ವಾರಗಟ್ಟಲೆ ತೊಟ್ಟಿಕ್ಕಿದ್ದು ಗಂಟೆಯೊಳಗೆ ಮುಳುಗಿಸುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಕ್ರೇನು ಬರುತ್ತದೆ. ಅದರಲ್ಲೇ ಬದುಕಿದ್ದವರಿಗೆ ಅದು ದೋಣಿ ಮುಳುಗಿದ್ದಲ್ಲ, ಮನೆ ಹೋದದ್ದು.

ಮುಂಬೈ, ಪುಣೆ, ಚೆನ್ನೈಗಳ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಈ ಕತೆ ಪರದೇಶದ್ದು ಅನ್ನಿಸಲಾರದು. ಲಾಬಿಗೆ ಗ್ರಾನೈಟು, ಬೇಸ್‌ಮೆಂಟಿನ ಪಂಪ್ ರೂಮಿಗೆ ಒಂದು ಉರಿಯದ ಬಲ್ಬು. ಸೊಸೈಟಿಯ ಮೀಟಿಂಗಿನಲ್ಲಿ ಗೇಟಿನ ಬಣ್ಣಕ್ಕೆ ಎರಡು ಗಂಟೆ ಚರ್ಚೆ, ಮೀಟರ್ ಬೋರ್ಡಿನ ಹಿಂದಿನ ತೇವಕ್ಕೆ ಎರಡು ನಿಮಿಷ. ನೋಡುವ ಜಾಗಕ್ಕೆ ದುಡ್ಡು, ಕೆಲಸ ಮಾಡುವ ಜಾಗಕ್ಕೆ ಬಾಗಿಲು.

ನ್ಯಾರೋಬೋಟಿನ ಲೋಕದಲ್ಲಿ ಇದನ್ನು ತಿದ್ದುವುದು ಕಷ್ಟವಲ್ಲ. ಕಟ್ಟುವವರು ಎಂಜಿನ್ ಇಳಿಸುವ ಮುಂಚೆ ಗುಂಡಿಗೆ ತಿಳಿ ಬಣ್ಣ ಪೂರ್ತಿ ಮುಗಿಸಲಿ, ಅದನ್ನು ಬೆಲೆಯೊಳಗೇ ಸೇರಿಸಲಿ. ಮಾರುವವರು ಹೊಸದಾಗಿ ಬಳಿದಿದ್ದರೆ ಬಳಿಯುವ ಮುಂಚಿನ ಬರಿ ಉಕ್ಕಿನ ಫೋಟೋ ತೋರಿಸಲಿ. ಕೊಳ್ಳುವವರು ದೋಣಿ ನೋಡಲು ಹೋದಾಗ ಒಲೆ, ಹಾಸಿಗೆ, ಪರದೆಗಳ ಕಡೆ ಹೋಗುವ ಮುಂಚೆ ಹಿಂಬದಿಯ ಹಲಗೆ ಎತ್ತಿಸಲಿ. ಅಲ್ಲಿ ಹಳೆಯದಾದ, ಅಲ್ಲಲ್ಲಿ ಒರೆಸಿದ ಗುರುತಿರುವ, ಒಂದೆರಡು ಎಣ್ಣೆ ತೊಟ್ಟು ಸ್ಪಷ್ಟವಾಗಿ ಕಾಣುವ ಬೂದು ತಳ ಇದ್ದರೆ ಆ ದೋಣಿಯ ಯಜಮಾನ ದಿನಾ ಕೆಳಗೆ ಬಗ್ಗಿ ನೋಡಿದ್ದಾನೆ ಎಂದು ತಿಳಿಯಬಹುದು. ನಿನ್ನೆ ಮೊನ್ನೆ ಬಳಿದ ವಾಸನೆ ಬಂದರೆ ಮೂಲೆಯಲ್ಲೊಂದು ಕಡೆ ಉಗುರಿನಿಂದ ಕೆರೆದು ನೋಡಲಿ. ಹಲಗೆ ಎತ್ತಲು ಮಾರುವವನು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಹಿಂತಿರುಗಲಿ.